ಚಂದ್ರಿಗೆ ಕಿಟ್ಟಪ್ಪ ಕೊಟ್ಟ ರಕ್ತ

ಕೊರೊನಾ ಲಾಕ್‌ಡೌನ್‌ಗಳೆಲ್ಲ ಮುಗಿದ ಮರುವರ್ಷದ ಮಾತು. ಪಶುಸಂಗೋಪನಾ ಇಲಾಖೆಯಿಂದ ನಿವೃತ್ತಳಾಗಿ, ಹೊಸಪೇಟೆಯಲ್ಲಿ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಸಣ್ಣದೊಂದು ಕ್ಲಿನಿಕ್ ತೆರೆದಿದ್ದೆ. ಮೂವತ್ತೊಂದು ವರ್ಷದ ಸೇವೆಯ ಹೆಚ್ಚಿನ ಪಾಲು ಸಂಡೂರು ತಾಲ್ಲೂಕಿನಲ್ಲಿ ಕಳೆದಿತ್ತು. ಚೋರನೂರು ಸುತ್ತಲಿನ ಕುರಿ, ಎಮ್ಮೆ, ಎತ್ತುಗಳೇ ನನ್ನ ರೋಗಿಗಳು. ಆಗ ಬೆಕ್ಕನ್ನು ಆಸ್ಪತ್ರೆಗೆ ತರುವವರು ವರ್ಷಕ್ಕೆ ಇಬ್ಬರೋ ಮೂವರೋ. ಹೊಸಪೇಟೆಯಲ್ಲಿ ನೋಡಿದರೆ ಬರುವವರಲ್ಲಿ ಅರ್ಧ ಜನ ಬೆಕ್ಕಿನವರೇ. ಅರವತ್ತು ದಾಟಿದ ಮೇಲೆ ನಾನು ಮತ್ತೆ ಪುಸ್ತಕ ಹಿಡಿದು ಕೂರಬೇಕಾಯಿತು.

ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ದೊಡ್ಡ ಮೈಕಟ್ಟಿನವರೊಬ್ಬರು ಕೂತಿದ್ದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಟೊಮೇಟೊ ತುಂಬುವ ಪ್ಲಾಸ್ಟಿಕ್ ಟ್ರೇ. ಅದರೊಳಗೆ ಗೋಣಿಚೀಲದ ಮೇಲೆ ಮೂರು ಬಣ್ಣದ ಹೆಣ್ಣು ಬೆಕ್ಕೊಂದು ಮಲಗಿತ್ತು. ಅವರು ಶರಣಪ್ಪ, ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು ಹತ್ತಿರ ರೈಸ್ ಮಿಲ್ ನಡೆಸುವವರು. ಬೆಕ್ಕಿನ ಹೆಸರು ಚಂದ್ರಿ, ವಯಸ್ಸು ನಾಲ್ಕು. ಬೇರೆ ಕಡೆ ಮಾಡಿಸಿದ್ದ ಪರೀಕ್ಷೆಯ ಕಾಗದಗಳನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆಯೇ ಹೇಳಿದರು:

"ರಕ್ತದ ಕ್ಯಾನ್ಸರ್ ಅಂತ್ರಿ ಮೇಡಂ. ಭಾಳ ಸಂಕಟ ಪಡಾಕತ್ತೈತಿ. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ರಿ."

ಕಾಗದದಲ್ಲಿ ಇದ್ದದ್ದು ಫೆಲೈನ್ ಲ್ಯುಕೇಮಿಯಾ ಪಾಸಿಟಿವ್ ಎಂದು. ಹೆಸರು ಕೇಳಿದರೆ ಕ್ಯಾನ್ಸರ್ ಅನ್ನಿಸುತ್ತದೆ, ಆದರೆ ಇದು ಮೂಲತಃ ವೈರಸ್ ಸೋಂಕು. ಜೊಲ್ಲಿನಿಂದ, ಒಂದೇ ಬಟ್ಟಲಲ್ಲಿ ತಿನ್ನುವುದರಿಂದ, ಒಂದನ್ನೊಂದು ನೆಕ್ಕುವುದರಿಂದ, ಕಚ್ಚಾಟದಿಂದ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ. ಮನುಷ್ಯರಿಗೆ ಬರುವುದಿಲ್ಲ, ನಾಯಿಗೂ ಬರುವುದಿಲ್ಲ. ಸೋಂಕಿದ ಕೆಲವು ಬೆಕ್ಕುಗಳಿಗೆ ಮುಂದೆ ಕ್ಯಾನ್ಸರ್ ಆಗುವುದುಂಟು. ಇನ್ನು ಕೆಲವಕ್ಕೆ ರೋಗ ತಡೆಯುವ ಶಕ್ತಿ ಕುಂದುತ್ತದೆ, ರಕ್ತ ಕಡಿಮೆಯಾಗುತ್ತದೆ. ವೈರಸ್ಸನ್ನೇ ತೆಗೆದುಹಾಕುವ ಔಷಧಿ ಇಲ್ಲ.

ಚಂದ್ರಿ ಎರಡು ಕೆಜಿ ಆರುನೂರು ಗ್ರಾಂ ಇದ್ದಳು. ಕತ್ತೆತ್ತುವ ಶಕ್ತಿಯಿರಲಿಲ್ಲ. ಈಯುವ ಕುರಿಯಂತೆ ಏದುಸಿರು ಬಿಡುತ್ತಿದ್ದಳು. ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ಅಳೆಯುವ ಪರೀಕ್ಷೆಗೆ ಪಿಸಿವಿ ಎನ್ನುತ್ತಾರೆ. ಆರೋಗ್ಯವಂತ ಬೆಕ್ಕಿಗೆ ಅದು ಮೂವತ್ತರ ಮೇಲಿರಬೇಕು. ಚಂದ್ರಿಯದು ಒಂಬತ್ತು.

ಶರಣಪ್ಪನವರು ಕೇಳಿದ, ನೋವಿಲ್ಲದೆ ಜೀವ ತೆಗೆಯುವ ಇಂಜೆಕ್ಷನ್ ತರಲು ನಾನು ಕಪಾಟಿನವರೆಗೆ ಹೋದದ್ದು ನಿಜ. ಹೋದವಳು ನಿಂತೆ. ಹಿಂದಿನ ವರ್ಷ ಸಂಡೂರಿನ ಶಿಕ್ಷಕಿಯೊಬ್ಬರು ಇದೇ ಫಲಿತಾಂಶದ ಬೆಕ್ಕನ್ನು ತಂದಿದ್ದರು. ಕಾಗದ ಓದಿ, ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದೆ. ಎರಡು ದಿನಕ್ಕೆ ಅದು ಸತ್ತಿತು. ಅದರ ಬಾಯಿ ತೆರೆದು ವಸಡು ಯಾವ ಬಣ್ಣಕ್ಕಿದೆ ಎಂದು ಸಹ ನಾನು ನೋಡಿರಲಿಲ್ಲ. ಆ ನಾಚಿಕೆ ನನ್ನಲ್ಲಿ ಇನ್ನೂ ಹಸಿಯಾಗಿತ್ತು.

ವಾಪಸು ಬಂದು ಚಂದ್ರಿಯ ಬಾಯಿ ತೆರೆದೆ. ವಸಡು ಕಾಗದದಷ್ಟು ಬಿಳಿ. ಕಿಟಕಿಯ ಬೆಳಕಿಗೆ ಹಿಡಿದಾಗ ಆ ಬಿಳಿಯಲ್ಲಿ ತೆಳುವಾದ ಹಳದಿ ಕಂಡಿತು. ಎಮ್ಮೆಯಾಗಿದ್ದರೆ ಎರಡನೇ ಯೋಚನೆ ಮಾಡುತ್ತಿರಲಿಲ್ಲ. ರಕ್ತ ಇಳಿದು ಮೈ ಹಳದಿಗೆ ತಿರುಗಿದರೆ ನಮ್ಮ ಕಡೆ ಮೊದಲ ಅನುಮಾನ ರಕ್ತದೊಳಗಿನ ಪರೋಪಜೀವಿಗಳ ಮೇಲೆ. ಮೂವತ್ತೊಂದು ವರ್ಷ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಅವನ್ನೇ ಹುಡುಕಿದವಳು ನಾನು.

"ಶರಣಪ್ಪನವರ, ಒಂದು ತಾಸು ಕುಂದ್ರಿ," ಎಂದೆ.

"ಇನ್ನೇನ್ ನೋಡ್ತೀರಿ ಮೇಡಂ? ಎಲ್ಲಾ ಅದರಾಗ ಬರ್ದಾರಲ್ರಿ."

"ಬರ್ದಿದ್ದು ಸುಳ್ಳಲ್ರಿ. ಆದ್ರ ಇವತ್ತು ಈಕಿ ಜೀವಕ್ಕ ಕುತ್ತು ತಂದಿದ್ದು ಅದೋ, ಬ್ಯಾರೆ ಏನಾರ ಐತೋ, ನೋಡೂಣು."

ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಆಗಿಂದಾಗಲೇ ಗಾಜಿಗೆ ಸವರಿ, ರಕ್ತಕಣಗಳು ಎದ್ದು ಕಾಣುವಂತೆ ಜೀಮ್ಸಾ ಎಂಬ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕೆಂಪುಕಣಗಳ ಅಂಚಿನಲ್ಲಿ ಗಸಗಸೆಗಿಂತ ಸಣ್ಣ ನೇರಳೆ ಚುಕ್ಕೆಗಳು. ಬಣ್ಣದ ಕಸವಿರಬಹುದೆಂದು ಇನ್ನೊಂದು ಪಟ್ಟಿ ಮಾಡಿ ನೋಡಿದೆ. ಅಲ್ಲೂ ಅವೇ! ಹೀಮೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಕಣಗಳಿಗೆ ಅಂಟಿಕೊಂಡು ಅವನ್ನು ಹಾಳು ಮಾಡುತ್ತಿತ್ತು. ಲ್ಯುಕೇಮಿಯಾ ವೈರಸ್ಸಿನಿಂದ ಸೊರಗಿದ ಬೆಕ್ಕಿನಲ್ಲಿ ಇದರ ಹಾವಳಿ ಹೆಚ್ಚು. ಮೊದಲಿನ ಪರೀಕ್ಷೆಯಲ್ಲಿ ಕಾಣದಿದ್ದುದು ಯಾರ ತಪ್ಪೂ ಅಲ್ಲ. ಸೀಸೆಯಲ್ಲಿ ತಾಸುಗಟ್ಟಲೆ ಪ್ರಯಾಣ ಮಾಡಿದ ರಕ್ತದಲ್ಲಿ ಈ ಚುಕ್ಕೆಗಳು ಕಣದಿಂದ ಕಳಚಿಕೊಂಡುಬಿಡುತ್ತವೆ. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಮಾತ್ರೆ ಸಾಕು.

ಆದರೆ ಮಾತ್ರೆ ಕೆಲಸ ಮಾಡಲು ಕೆಲವು ದಿನ ಬೇಕು. ಒಂಬತ್ತರ ಪಿಸಿವಿಯಲ್ಲಿ ಚಂದ್ರಿಗೆ ಅಷ್ಟು ದಿನ ಇರಲಿಲ್ಲ. ರಕ್ತ ಕೊಡಬೇಕಿತ್ತು. ಬೆಕ್ಕಿಗೆ ನಮ್ಮಲ್ಲಿ ಬ್ಲಡ್ ಬ್ಯಾಂಕ್ ಎಲ್ಲಿಂದ ಬರಬೇಕು?

"ಮಿಲ್ಲಿನಾಗ ದೊಡ್ಡ ಗಂಡುಬೆಕ್ಕು ಐತ್ರಿ, ತರಸ್ಲೇನು?" ಎಂದರು ಶರಣಪ್ಪ. ಅದು ಚಂದ್ರಿಯ ಜೊತೆಗೇ ಉಂಡು ಬೆಳೆದದ್ದು, ಅದಕ್ಕೂ ಸೋಂಕು ಇರಬಹುದು, ಬೇಡ ಎಂದೆ. ಆಗ ನೆನಪಾದದ್ದು ಹಂಪಿಯ ಅರ್ಚಕರೊಬ್ಬರ ಮನೆಯ ಕಿಟ್ಟಪ್ಪ. ಹೊರಗೆ ಕಾಲಿಡದ, ಬೇರೆ ಬೆಕ್ಕಿನ ಮುಖ ಕಾಣದ, ಐದು ಮುಕ್ಕಾಲು ಕೆಜಿಯ ಗಂಡುಬೆಕ್ಕು. ಹಲ್ಲು ನೋವೆಂದು ಹಿಂದಿನ ತಿಂಗಳಷ್ಟೇ ಬಂದಿದ್ದ. ಅರ್ಚಕರ ಮಡದಿ ಸುಧಾಬಾಯಿಯವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೇಳಿದರು:

"ನಮ್ಮ ಕಿಟ್ಟಪ್ಪಗ ಏನಾರ ಆದ್ರ?"

"ಆಗೂದು ಕಡಿಮಿರಿ. ಆಗೂದೇ ಇಲ್ಲ ಅಂತ ಹೇಳಂಗಿಲ್ಲ."

"ನಿಜಾ ಹೇಳಿದ್ರಿ ನೋಡ್ರಿ, ಅದಕ್ಕ ಬರ್ತೀನಿ. ಆದ್ರ ಅವನ್ನ ನಾನ ಹಿಡ್ಕೊಂಡು ಕುಂದರಾಕಿ."

ಮುಕ್ಕಾಲು ತಾಸಿನಲ್ಲಿ ಹಂಪಿಯಿಂದ ಕಡ್ಡಿರಾಂಪುರದ ದಾರಿಯಾಗಿ ಅವರ ಆಟೋ ಬಂತು. ಕಿಟ್ಟಪ್ಪನ ಲ್ಯುಕೇಮಿಯಾ ಪರೀಕ್ಷೆ ನೆಗೆಟಿವ್, ರಕ್ತದಲ್ಲಿ ಚುಕ್ಕೆಗಳೂ ಇಲ್ಲ. ಆಮೇಲೆ ಮುಖ್ಯವಾದ ಹೊಂದಾಣಿಕೆ ಪರೀಕ್ಷೆ. ಬೆಕ್ಕುಗಳಲ್ಲಿ ರಕ್ತದ ಗುಂಪು ತಪ್ಪಿದರೆ ಮೊದಲ ಸಲವೇ ಪ್ರಾಣಕ್ಕೆ ಎರವಾಗುತ್ತದೆ. ಇಬ್ಬರ ರಕ್ತದ ಹನಿಗಳನ್ನು ಗಾಜಿನ ಮೇಲೆ ಬೆರೆಸಿ ನೋಡಿದೆ. ಗಂಟು ಕಟ್ಟಲಿಲ್ಲ. ಹೊಂದುತ್ತಿತ್ತು.

ಕಿಟ್ಟಪ್ಪನಿಗೆ ಮಂಪರಿನ ಔಷಧಿ ಕೊಟ್ಟು, ಸುಧಾಬಾಯಿಯವರ ಮಡಿಲಲ್ಲಿಯೇ ನಲವತ್ತೈದು ಮಿಲಿಲೀಟರ್ ರಕ್ತ ತೆಗೆದೆ. ಚಂದ್ರಿಗೆ ಹನಿಹನಿಯಾಗಿ ಏರಿಸತೊಡಗಿದೆ. ಮೊದಲ ಅರ್ಧ ತಾಸು ಅಪಾಯದ್ದು. ಇಪ್ಪತ್ತನೇ ನಿಮಿಷಕ್ಕೆ ಅವಳು ಮೈ ಕೊಡವಿ ಕೂಗಿದಳು. ನನ್ನ ಕೈ ಕೊಳವೆಯ ಮೇಲೆ, ನಿಲ್ಲಿಸಲು ತಯಾರಾಗಿತ್ತು. ಎದೆಬಡಿತ ಎಣಿಸಿದೆ, ಸರಿಯಾಗಿಯೇ ಇತ್ತು. ಚಂದ್ರಿ ಕತ್ತೆತ್ತಿದಳು. ಮುಂಗಾಲನ್ನು ಒಮ್ಮೆ ನೆಕ್ಕಿಕೊಂಡಳು. ಐದು ದಿನದಿಂದ ಅವಳು ಮೈ ನೆಕ್ಕಿಕೊಂಡಿರಲಿಲ್ಲವಂತೆ. ಶರಣಪ್ಪನವರು ಗೋಡೆಯ ಕಡೆ ತಿರುಗಿ ನಿಂತು ಟವೆಲಿನಿಂದ ಮುಖ ಒರೆಸಿಕೊಂಡರು.

ಸಂಜೆಗೆ ಪಿಸಿವಿ ಹದಿನಾರು. ಬಟ್ಟಲಿಗೆ ಬೇಯಿಸಿದ ಮೀನು ಹಾಕುತ್ತಿದ್ದಾಗ ಶರಣಪ್ಪ ಕೇಳಿದರು: "ಆಚಾರ್ರ ಮನಿ ರಕ್ತ ಹೋಗೈತಿ. ಇನ್ನ ಮೀನ ತಿಂತೈತೋ, ಮೊಸರನ್ನಾನೇ ಬೇಕಂತೈತೋ?" ಸುಧಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಂದ್ರಿ ಮೀನನ್ನೇ ತಿಂದಳು.

ನಾಲ್ಕು ವಾರ ಡಾಕ್ಸಿಸೈಕ್ಲಿನ್. ಒಣ ಮಾತ್ರೆ ಬೆಕ್ಕಿನ ಗಂಟಲಲ್ಲಿ ನಿಂತು ಹುಣ್ಣು ಮಾಡುವುದರಿಂದ ಪ್ರತಿಸಲವೂ ಸಿರಿಂಜಿನಲ್ಲಿ ನೀರು ಕುಡಿಸಬೇಕು. ಅಕ್ಕಿ ಮೂಟೆ ಎತ್ತಿ ಒರಟಾದ ಕೈಗಳಿಂದ ಶರಣಪ್ಪನವರು ಆ ಕೆಲಸವನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ನಡುವೆ ನಾನೇ ಮಿಲ್ಲಿಗೆ ಹೋಗಿ ಉಳಿದ ನಾಲ್ಕು ಬೆಕ್ಕುಗಳನ್ನು ಪರೀಕ್ಷಿಸಿದೆ. ನೋಡಲು ಗಟ್ಟಿಮುಟ್ಟಾಗಿದ್ದ ಆ ಗಂಡುಬೆಕ್ಕು ಪಾಸಿಟಿವ್, ಮೂರು ನೆಗೆಟಿವ್. ಈ ರೋಗದ ಲಸಿಕೆ ನಮ್ಮ ಕಡೆ ಸಿಗುತ್ತಿರಲಿಲ್ಲ. ಬೇರೆ ಬೇರೆ ಇಡುವುದೊಂದೇ ದಾರಿ. ಮಿಲ್ಲಿನ ಹಮಾಲರು ಬೆಕ್ಕುಗಳ ಹತ್ತಿರ ಬರಲು ಹೆದರುತ್ತಿದ್ದರು. ಅವರೆದುರಿಗೇ ಚಂದ್ರಿಯನ್ನು ಎತ್ತಿಕೊಂಡು, ಇದು ಮನುಷ್ಯರಿಗೆ ಬರುವ ರೋಗವಲ್ಲ ಎಂದು ವಿವರಿಸಿದೆ. ಮರುವಾರ ಅದೇ ಹಮಾಲರು ಆಫೀಸಿನ ಪಕ್ಕದ ಹಳೇ ಗೋದಾಮಿಗೆ ಜಾಲರಿ ಬಡಿದು, ಸೋಂಕಿದ ಎರಡಕ್ಕೂ ಬಿಸಿಲು ಬೀಳುವ ಮನೆ ಮಾಡಿಕೊಟ್ಟರು.

ಐದನೇ ವಾರ ಪಿಸಿವಿ ಮೂವತ್ತೊಂದು, ತೂಕ ಮೂರು ಕೆಜಿ ನಾಲ್ಕುನೂರು. ಚುಕ್ಕೆಗಳು ಒಂದೂ ಇಲ್ಲ. ಮೂರು ತಿಂಗಳ ಬಳಿಕ ಮಾಡಿದ ಲ್ಯುಕೇಮಿಯಾ ಪರೀಕ್ಷೆ ಮಾತ್ರ ಮತ್ತೆ ಪಾಸಿಟಿವ್ ಬಂತು.

"ಹಂಗಾದ್ರ ನಾವು ಗೆದ್ದಂಗೋ, ಸೋತಂಗೋ?" ಶರಣಪ್ಪ ಕೇಳಿದರು.

"ಗೆದ್ದಂಗ್ರಿ," ಎಂದೆ. ಅನುಮಾನವಿಲ್ಲದೆ ಹೇಳಿದೆ.

ಆ ಬೇಸಿಗೆಯಲ್ಲಿ ಸುಧಾಬಾಯಿ ಚಂದ್ರಿಯನ್ನು ನೋಡಲೆಂದೇ ಮಿಲ್ಲಿಗೆ ಹೋಗಿದ್ದರು. ಜಾಲರಿಯೊಳಗಿಂದ ಚಂದ್ರಿ ಬುಸುಗುಟ್ಟಿದಳಂತೆ. "ಮಸ್ತ್ ಜೋರದಾಳ್ರಿ!" ಎಂದು ಅಲ್ಲಿಂದಲೇ ನನಗೆ ಫೋನ್ ಮಾಡಿದರು.

ಈಗ ಮೂರನೇ ವರ್ಷ, ಚಂದ್ರಿ ಚೆನ್ನಾಗಿದ್ದಾಳೆ. ಆಮೇಲೆ ಬಂದ ಪಾಸಿಟಿವ್ ಬೆಕ್ಕುಗಳಲ್ಲಿ ನಿಜವಾಗಿಯೂ ಕ್ಯಾನ್ಸರ್ ಆಗಿದ್ದ ಎರಡನ್ನು ಉಳಿಸಲಾಗಲಿಲ್ಲ. ಏಳು ಬೆಕ್ಕುಗಳು ಇಂದಿಗೂ ತಮ್ಮ ಮನೆಗಳಲ್ಲಿ ಬದುಕಿವೆ. ವಾಸಿಯಾಗದ ರೋಗ ಇರುವ ಪ್ರಾಣಿಗೂ ವಾಸಿಯಾಗುವ ಇನ್ನೊಂದು ಕಾಯಿಲೆ ಬರಬಹುದು. ಹೆಸರಿಗೆ ಹೆದರಿ ಅದನ್ನು ಹುಡುಕದೆ ಬಿಡಬಾರದು. ಮೂವತ್ತೊಂದು ವರ್ಷದ ನೌಕರಿ ಕಲಿಸದ ಈ ಪಾಠವನ್ನು, ನಿವೃತ್ತಿಯ ಮೇಲೆ, ಮೂರು ಕೆಜಿಯೂ ಇಲ್ಲದ ಬೆಕ್ಕೊಂದು ನನಗೆ ಕಲಿಸಿತು.