ಕಾಲು ನೋಡಿ ಹಾಡು ಹಾಕುವ ಭಾವ

ಮದುವೆ ರಿಸೆಪ್ಷನ್‌ಗೆ ಒಳ್ಳೆಯ ಡಿಜೆ ಯಾರು ಎಂದರೆ ಎಲ್ಲರೂ ದೊಡ್ಡ ದೊಡ್ಡ ಸ್ಪೀಕರ್ ಇರುವವರನ್ನು ತೋರಿಸುತ್ತಾರೆ. ನನಗೆ ಮೈ ಉರಿಯುತ್ತದೆ. ಸ್ಪೀಕರ್ ಹೊರುವವನು ನಾನು, ಅದರಲ್ಲಿ ಏನೂ ಇಲ್ಲ ಎಂದು ನನಗೆ ಗೊತ್ತು. ಇರುವುದೆಲ್ಲ ನನ್ನ ಭಾವನ ಕಣ್ಣಿನಲ್ಲಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹಾಲ್‌ಗೆ ಬಂದವರೇ ಅವರು ನೋಡುವುದು ಕುರ್ಚಿಗಳ ಕೆಳಗೆ.

"ಮುಖ ನೋಡಿದ್ರೆ ಎಲ್ರೂ ಖುಷಿಯಾಗೇ ಇರ್ತಾರೆ ಕಣೋ, ಫೋಟೋ ತೆಗೀತಿರ್ತಾರಲ್ಲ! ಕಾಲು ನೋಡು."

ಮುಂದಿನ ಸಾಲಿನ ಅಜ್ಜಿಯ ಹೆಬ್ಬೆರಳು ಅಲ್ಲಾಡಿತೋ, ಮುಂದಿನ ಹಾಡು ಅಜ್ಜಿಯದು. ಹುಡುಗರು "ಅಂಕಲ್, ಹೊಸದು ಹಾಕಿ" ಎಂದು ಪ್ರಾಣ ತಿಂದರೂ ಅಜ್ಜಿ ಎದ್ದು ನಾಲ್ಕು ಹೆಜ್ಜೆ ಹಾಕುವ ತನಕ ಜಗ್ಗುವುದಿಲ್ಲ. ಆಮೇಲೆ ಅಜ್ಜಿಯ ಹಿಂದೆ ಇಡೀ ಹಾಲ್ ಕುಣಿಯುತ್ತದೆ. ಊಟದ ಮೇಜಿನಲ್ಲಿ ಜನ ಒಬ್ಬರ ಕಿವಿಗೆ ಒಬ್ಬರು ಬಾಗಿದರೆ ಸೌಂಡ್ ತಾನಾಗಿ ಇಳಿಯುತ್ತದೆ.

ಹೋದ ವರ್ಷ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

"ನಿಮ್ಮ ಭಾವಂಗೆ ಕಿವಿ ಹೋಗ್ತಿದೆ. ಬಲಗಡೆದು ಪೂರ್ತಿ ಹೋಯ್ತು, ಎಡಗಡೆದೂ ಹೊರಟಿದೆ. ಮೆಷಿನ್ ಹಾಕಿದ್ರೂ ಅಷ್ಟಕ್ಕಷ್ಟೇ ಅಂದ್ರು ಡಾಕ್ಟ್ರು."

"ಹಾಗಾದ್ರೆ ಕೆಲ್ಸ ಬಿಡ್ಸು."

"ಬಿಡ್ಸಿ? ಗೋಡೆ ನೋಡ್ಕೊಂಡು ಕೂರ್ಬೇಕಾ? ಬೇರೆ ಏನು ಬರುತ್ತೆ ಅವ್ರಿಗೆ? ಗೊತ್ತಾದ್ರೆ ಯಾರೂ ಕರೆಯಲ್ಲ. ನೀನು ಆ ನಿನ್ನ ಬಾಯಿ ಒಂದು ಹೊಲ್ಕೊಂಡಿರು, ಸಾಕು."

ಅಂದಿನಿಂದ ಭಾವ ಒಂದು ಅಂಗೈಯನ್ನು ಸ್ಪೀಕರ್ ಮೇಲಿಟ್ಟೇ ಹಾಡು ಹಾಕತೊಡಗಿದರು. ತಾಳ ಅಂಗೈಗೆ ಸಿಗುತ್ತಿತ್ತು. ಉಳಿದದ್ದಕ್ಕೆ ಎದುರಿನ ಕಂಬದ ಹತ್ತಿರ ನಾನು. ತಲೆ ಕೆರೆದುಕೊಂಡರೆ ಸೌಂಡ್ ಕಡಿಮೆ, ಗಡ್ಡ ಮುಟ್ಟಿದರೆ ಮೈಕ್ ಬಂದ್. ಒಂದು ಸಲ ನನಗೆ ನಿಜವಾಗಿಯೂ ತಲೆ ತುರಿಸಿತು. ಮದುಮಕ್ಕಳು ಕುಣಿಯುತ್ತಿದ್ದ ಹಾಗೆಯೇ ಹಾಡು ಪಿಸುಮಾತಿಗೆ ಇಳಿಯಿತು.

"ನಾಳೆಯಿಂದ ಎಣ್ಣೆ ಹಚ್ಕೊಂಡು ಬಾರೋ," ಎಂದು ಭಾವ ದಾರಿಯುದ್ದಕ್ಕೂ ನಕ್ಕರು.

ಮೊನ್ನೆಯ ರಿಸೆಪ್ಷನ್ ಮಧ್ಯಾಹ್ನದ್ದು. ಮದುಮಗಳ ಚಿಕ್ಕಪ್ಪ ನಾಲ್ಕು ಮಾತಾಡುತ್ತೇನೆಂದು ಮೈಕ್ ಹಿಡಿದು ನೇರ ಸ್ಪೀಕರ್ ಮುಂದೆಯೇ ಹೋಗಿ ನಿಂತ. ಕುಂಯ್ಯ್ ಎಂದು ಕಿರುಚಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ನಾನು ಗಡ್ಡ ಮುಟ್ಟಿದೆ, ಎಳೆದೆ, ಕಿತ್ತುಕೊಳ್ಳುವುದೊಂದು ಬಾಕಿ. ಭಾವ ನನ್ನ ಕಡೆ ನೋಡಲೇ ಇಲ್ಲ. ಕುರ್ಚಿಗಳ ಕೆಳಗೆ ಯಾರದೋ ಕಾಲು ಹುಡುಕುತ್ತಾ ನಗುತ್ತಿದ್ದರು.

ಓಡಿಹೋಗಿ ಚಿಕ್ಕಪ್ಪನ ಕೈಯಿಂದ ಮೈಕ್ ಕಿತ್ತುಕೊಂಡು ದೂರ ಬಂದೆ. ಕಿರುಚಾಟ ನಿಂತಿತು. ಅಷ್ಟರಲ್ಲಿ ಹಾಲ್ ಮ್ಯಾನೇಜರ್ ಭಾವನ ಮುಖದೆದುರು ಕೈ ಆಡಿಸುತ್ತಿದ್ದ.

"ಏನ್ರೀ, ಕಿವುಡಾ ನೀವು? ಆಗ್ಲಿಂದ ಕಿರುಚ್ತಿದೆ, ಹಲ್ಲು ಕಿರೀತಾ ನಿಂತಿದ್ದೀರಲ್ಲಾ!"

ಈ ಮಾತನ್ನು ಯಾರಿಗೆ ಅನ್ನುವುದಿಲ್ಲ? ನನಗೇ ದಿನಕ್ಕೆ ಹತ್ತು ಸಲ ಅಂದಿದ್ದಾರೆ. ಸುಮ್ಮನಿರಬೇಕಿತ್ತು. ಆಗಲಿಲ್ಲ.

"ಹೌದ್ರೀ, ಕೇಳ್ಸಲ್ಲ! ಎರಡೂ ಕಿವಿ ಹೋಗಿದೆ! ಏನೀಗ?"

ಕೈಯಲ್ಲಿದ್ದ ಮೈಕ್ ಇನ್ನೂ ಆನ್ ಇತ್ತು. ನನ್ನ ಮಾತು ನಾಲ್ಕೂ ಸ್ಪೀಕರ್‌ನಿಂದ ಬಂದು ಊಟದ ಮೇಜಿನ ತನಕ ಹೋಯಿತು. ಭಾವ ಒಬ್ಬರನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು.

ಹಾಲ್‌ನಲ್ಲಿ ಒಂದು ಕಾಲೂ ಅಲ್ಲಾಡಲಿಲ್ಲ. ಭಾವ ಆ ಸಾಲು, ಈ ಸಾಲು ನೋಡಿದರು. ಮುಖ ಸಣ್ಣಗಾಯಿತು. ಏನಾಯಿತು ಎಂದು ಕಣ್ಣಲ್ಲೇ ನನ್ನನ್ನು ಕೇಳಿದರು. ಇದಕ್ಕೆ ನಾವು ಯಾವ ಸನ್ನೆಯನ್ನೂ ಇಟ್ಟುಕೊಂಡಿರಲಿಲ್ಲ.

ಹಾಡು ಹಿಡಿಸಲಿಲ್ಲ ಎಂದುಕೊಂಡರೋ ಏನೋ, ಬಾಗಿ ಹಳೆಯದೊಂದು ಹಾಕಿದರು. ಮೊದಲು ಮುಂದಿನ ಸಾಲಿನ ಅಜ್ಜಿ ಕಣ್ಣೊರೆಸಿಕೊಂಡು ಎದ್ದಳು. ಆಮೇಲೆ ಚಿಕ್ಕಪ್ಪ, ಆಮೇಲೆ ಊಟ ಅರ್ಧಕ್ಕೆ ಬಿಟ್ಟವರು. ಎಲ್ಲರೂ ಭಾವನ ಕಡೆಗೇ ನೋಡುತ್ತಾ, ಅವರಿಗೆ ಕಾಣುವ ಹಾಗೆ ಕಾಲು ಎತ್ತೆತ್ತಿ ಕುಣಿದರು. ಭಾವನ ಮುಖ ಅರಳಿತು. ಇಪ್ಪತ್ತೆರಡು ವರ್ಷದಲ್ಲಿ ಅಂಥ ಕುಣಿತ ನಾನು ನೋಡಿರಲಿಲ್ಲ. ಮೈಕ್ ಹಿಡಿದುಕೊಂಡು ನಿಂತೇ ಇದ್ದೆ.

ಸಾಮಾನು ಗಾಡಿಗೆ ಏರಿಸುವಾಗ ಮ್ಯಾನೇಜರ್ ಮೆಲ್ಲಗೆ ಬಂದ. "ಬೇಜಾರ್ ಮಾಡ್ಕೋಬೇಡಿ. ಮುಂದಿನ ತಿಂಗಳದ್ದು ಬೇರೆಯವ್ರಿಗೆ ಹೇಳ್ತೀವಿ." ಅವನ ಕೊರಳಪಟ್ಟಿ ಹಿಡಿಯೋಣವೆಂದರೆ, ಗುಟ್ಟು ಒಡೆದದ್ದು ನನ್ನದೇ ಬಾಯಿ.

ಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಇವತ್ತು ಎಲ್ರೂ ಕುಣಿದ್ರು ಕಣೇ! ಒಬ್ರೂ ಕೂತಿರ್ಲಿಲ್ಲ!" ಎಂದು ಭಾವ ಕೂಗಿದರು.

ಅಕ್ಕ ನನ್ನ ಮುಖ ನೋಡಿದಳು. ನಾನು ಬೆನ್ನು ತಿರುಗಿಸಿ ಸ್ಪೀಕರ್ ಇಳಿಸತೊಡಗಿದೆ.