ಮೌನದ ದಿನಗಳಲ್ಲಿ ನಾನು ಹೇಳಿದ ಹೆಸರು

ಈ ಬರಹದಲ್ಲಿ ತಪ್ಪುಗಳಿದ್ದರೆ ಓದುಗರು ಮನ್ನಿಸಬೇಕು. ನಾನು ಕನ್ನಡ ಕಲಿತದ್ದು ಮುಂಬಯಿಯ ಪಾಲಿಕೆಯ ಶಾಲೆಯಲ್ಲಿ, ಅದೂ ಏಳನೆಯ ತರಗತಿಯವರೆಗೆ ಮಾತ್ರ. ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗನಾದ್ದರಿಂದ ಬರೆದದ್ದನ್ನು ತಿದ್ದಿಕೊಡುವವರೂ ಇಲ್ಲ. ಆದರೆ ಹೇಳಬೇಕಾದ ವಿಷಯದಲ್ಲಿ ಗೊಂದಲವಿಲ್ಲ. ಹೇಳಬಾರದ ಕಾಲದಲ್ಲಿ, ಹೇಳಬಾರದವರ ಮುಂದೆ, ನನ್ನ ಮೇಲಧಿಕಾರಿಯಾಗಿದ್ದ ಸುಮಿತ್ರಾ ಮೇಡಂ ಅವರ ಹೆಸರನ್ನು ನಾನು ಹೇಳಿದೆ. ಅದರಿಂದ ಅವರು ತಮ್ಮ ಸ್ಥಾನ ಕಳೆದುಕೊಂಡರು. ಹೇಳಿದವನು ನೀನೆಯೇ ಎಂದು ಅವರೇ ಕೇಳಿದಾಗ — ಇಲ್ಲ ಎಂದೆ.

ನಾನು ಕೆಲಸಕ್ಕೆ ಸೇರಿದ್ದು ಕೇಂದ್ರ ಬ್ಯಾಂಕಿನ ಸಂಶೋಧನಾ ವಿಭಾಗಕ್ಕೆ. ಬಡ್ಡಿದರವನ್ನು ನಿರ್ಧರಿಸುವವರು ನಾವಲ್ಲ. ಮುಂದೆ ಬೆಲೆಗಳು ಎತ್ತ ಸಾಗಬಹುದೆಂಬ ಅಂದಾಜನ್ನು ನಿರ್ಧರಿಸುವವರ ಮುಂದೆ ಇಡುವುದಷ್ಟೇ ನಮ್ಮ ಕೆಲಸ. ಬೆಲೆಗಳು ತಗ್ಗುತ್ತವೆಂದು ಅಂದಾಜಾದರೆ ಬಡ್ಡಿ ಇಳಿಸುವುದು ಸುಲಭ, ಏರುತ್ತವೆಂದಾದರೆ ಕಷ್ಟ. ಆದ್ದರಿಂದ ಚುನಾವಣೆ ಹತ್ತಿರವಾದಂತೆ ಅಧಿಕಾರದಲ್ಲಿರುವವರ ಕಣ್ಣು, ಅವರು ಯಾವ ಪಕ್ಷದವರೇ ಆಗಿರಲಿ, ಆ ಅಂದಾಜಿನ ಮೇಲೆ ಬೀಳುತ್ತದೆ. ನಿರ್ಣಯ ಪ್ರಕಟವಾಗುವ ಮುಂಚಿನ ಕೆಲವು ದಿನಗಳು ನಮಗೆ ಮೌನದ ದಿನಗಳು. ಹೊರಗಿನವರೊಡನೆ ಆ ವಿಷಯದಲ್ಲಿ ಒಂದು ಮಾತನ್ನೂ ಆಡಕೂಡದು. ಮೇಡಂ ಆ ದಿನಗಳಲ್ಲಿ ಮದುವೆಮನೆಗಳಿಗೂ ಹೋಗುತ್ತಿರಲಿಲ್ಲ. ಅವರು ಧಾರವಾಡದ ಕಡೆಯವರು. ಊರಿನಿಂದ ತರಿಸಿದ ಕರದಂಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ನಗುತ್ತಿದ್ದರು:

“ನಿರ್ಣಯ ಹೊರಗ ಬೀಳೂತನಾ ಡಬ್ಬಿಗೂ ಮುಚ್ಚಳ, ಬಾಯಿಗೂ ಮುಚ್ಚಳ. ತಿಳೀತೇನಪಾ ಉಡುಪಿ?”

ಅವರು ನನ್ನನ್ನು ಕರೆಯುತ್ತಿದ್ದದ್ದೇ ಉಡುಪಿ ಎಂದು. ಅದು ಹಿರಿಯರ ಊರು ಎಂಬುದಷ್ಟೇ, ನಾನು ಆ ಊರನ್ನು ಸರಿಯಾಗಿ ನೋಡಿದವನೂ ಅಲ್ಲ. ನನ್ನ ಇಂಗ್ಲಿಷಿನ ತಪ್ಪುಗಳನ್ನು ಅವರು ಸಭೆಯಲ್ಲಿ ಎಂದೂ ತಿದ್ದಲಿಲ್ಲ. ಕೆಳಗಿಳಿಯುವಾಗ ಲಿಫ್ಟಿನಲ್ಲಿ, ಬೇರೆ ಯಾರೂ ಇಲ್ಲದಾಗ, ಮೆಲ್ಲನೆ ತಿದ್ದುತ್ತಿದ್ದರು. ಅಂಥವರಿಗೆ ನಾನು —

ನನ್ನ ಅಪ್ಪ ಚೆಂಬೂರಿನ ಹೊಟೇಲೊಂದರಲ್ಲಿ ಸಪ್ಲೈಯರ್ ಆಗಿದ್ದರು. ಅದರ ಮಾಲಕರನ್ನು ನಾವು ಧಣಿಗಳು ಎನ್ನುತ್ತಿದ್ದೆವು. ಆಂಟಾಪ್ ಹಿಲ್‌ನಲ್ಲಿ ನಾವಿದ್ದ ಮನೆ ಅವರದು. ನನಗೆ ಕಾಲೇಜಿನಲ್ಲಿ ಸೀಟು ದೊರೆತದ್ದು ಅವರ ಮಾತಿನಿಂದ, ತಂಗಿಗೆ ನರ್ಸಿಂಗ್ ಸೀಟು ದೊರೆತದ್ದೂ ಹಾಗೆಯೇ. ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಗೆ ಹೋಗುವ ಮೊದಲು ಹೊಟೇಲಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಬಳಿ ನಿಂತು, ಧಣಿಗಳಿಗೆ ಅಂಕಗಳನ್ನು ಒಪ್ಪಿಸಿ ಕಾಲು ಮುಟ್ಟಬೇಕು — ಇದು ಅಪ್ಪ ಹಾಕಿಕೊಟ್ಟ ಪದ್ಧತಿ. ಅಮ್ಮನಿಗೆ ಸುದ್ದಿ ತಿಳಿಯುತ್ತಿದ್ದದ್ದು ಆಮೇಲೆ. ಧಣಿಗಳು ಕೇಳಿದ್ದಕ್ಕೆ ಉತ್ತರ ಕೊಡದೆ ಹಿಂದಿರುಗಿದ ನೆನಪು ನನಗಿಲ್ಲ.

ಆ ವರ್ಷ ಚುನಾವಣೆ ಹತ್ತಿರವಿತ್ತು. ಮೌನದ ದಿನಗಳ ನಡುವಿನ ಭಾನುವಾರ ಬೆಳಿಗ್ಗೆ ಧಣಿಗಳು ಹೇಳಿಕಳುಹಿಸಿದರು. ಹೋಗಬಾರದೆಂದು ನನಗೆ ತಿಳಿದಿತ್ತು. ಹೋದೆ. ಹೊಟೇಲಿನ ಮಾಳಿಗೆಯ ಎ.ಸಿ. ಕೋಣೆಯಲ್ಲಿ ಅವರ ಜೊತೆ ಬಿಳಿ ಅಂಗಿಯ ಅತಿಥಿಯೊಬ್ಬರಿದ್ದರು. ಮಂತ್ರಿಯೊಬ್ಬರ ಬಳಗದವರೆಂದು ಪರಿಚಯಿಸಿದರು.

“ಕೂತುಕೋ ಮಾರಾಯ. ಇನ್ನು ಸಹ ನಿಂತು ಮಾತಾಡುವವನಾ ನೀನು? ಆಫೀಸರ್ ಅಲ್ವಾ!”

ಆ ಹೊಟೇಲಿನ ಕುರ್ಚಿಯಲ್ಲಿ ನಾನು ಕುಳಿತದ್ದು ಅದೇ ಮೊದಲು. ಕಾಫಿ ತಂದವರು ಅಪ್ಪ. ಅತಿಥಿಗೆ ಕೊಟ್ಟರು, ಧಣಿಗಳಿಗೆ ಕೊಟ್ಟರು, ಬಳಿಕ ಒಂದು ಲೋಟವನ್ನು ನನ್ನ ಮುಂದೆ ಇಟ್ಟರು. ನಾನು ಎದ್ದು ನಿಲ್ಲಲಿಲ್ಲ.

“ಈ ಸಲ ಬಡ್ಡಿ ಇಳಿಯುತ್ತದಾ ಇಲ್ವಾ? ನಮ್ಮ ಹುಡುಗ ನೀನು ಹೇಳದೆ ಮತ್ತೆ ಯಾರು ಹೇಳುದು?”

“ಅದನ್ನು ಹೇಳುವ ಹಾಗಿಲ್ಲ ಧಣಿಗಳೇ.”

“ಗುಟ್ಟೆಲ್ಲ ನೀನೇ ಇಟ್ಟುಕೋ. ಅಡ್ಡ ನಿಂತದ್ದು ಯಾರು, ಅಷ್ಟು ಹೇಳು ಸಾಕು. ನಾವೆಂತ ಅವರನ್ನು ತಿನ್ನುತ್ತೇವಾ?”

ಅತಿಥಿ ನಕ್ಕರು. ಅಪ್ಪ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವರ ಮುಖದಲ್ಲಿ — ಹೇಗೆ ವಿವರಿಸಲಿ — ಹಬ್ಬದ ದಿನದ ಕಳೆಯಿತ್ತು.

“ನಮ್ಮ ಸುಮಿತ್ರಾ ಮೇಡಂ ಒಪ್ಪುತ್ತಿಲ್ಲ” ಎಂದೆ. “ಅಂದಾಜನ್ನು ಸ್ವಲ್ಪ ತಗ್ಗಿಸಬಹುದೆಂದು ಕೆಲವರು ಹೇಳುತ್ತಿದ್ದಾರೆ. ಅವರೊಬ್ಬರೇ ಬಗ್ಗುವುದಿಲ್ಲ.”

ಭಯವೇ, ಉಪಕಾರದ ಭಾರವೇ, ಆ ಕುರ್ಚಿ ಕೊಟ್ಟ ಸೊಕ್ಕೇ — ಎಷ್ಟೋ ಬಾರಿ ಬೇರ್ಪಡಿಸಿ ನೋಡಿದ್ದೇನೆ. ಯಾವುದಾಗಿದ್ದರೂ ಬಾಯಿ ನನ್ನದು. ಕೇಂದ್ರ ಬ್ಯಾಂಕಿನ ಸ್ವಾಯತ್ತತೆಯ ಕುರಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು. ಅದಕ್ಕೆ ಅಪಾಯ ಬರುವುದು ದೆಹಲಿಯಿಂದ, ಯಾವುದೋ ಆಜ್ಞೆಯ ರೂಪದಲ್ಲಿ ಎಂದು ಭಾವಿಸಿದ್ದೆ. ಅಪ್ಪ ತಂದಿಟ್ಟ ಕಾಫಿ ಆರುವುದರೊಳಗೆ, ನನ್ನಿಂದಲೇ ಎಂದು...

ಆ ಸಲ ಬಡ್ಡಿ ಇಳಿಯಲಿಲ್ಲ. ಕೆಲವೇ ದಿನಗಳಲ್ಲಿ ಟಿ.ವಿ. ಚರ್ಚೆಯೊಂದರಲ್ಲಿ ವಕ್ತಾರನೊಬ್ಬ, ದೇಶದ ಬೆಳವಣಿಗೆಗೆ ಅಡ್ಡಗಾಲು ಹಾಕುತ್ತಿರುವ ಅಧಿಕಾರಿಣಿಯೊಬ್ಬರಿದ್ದಾರೆ ಎಂದ. ಮರುದಿನ ಹೆಸರೂ ಹೊರಬಿತ್ತು. ಒಳಗಿನ ಮಾತು ಹೊರಗೆ ಹೋದದ್ದು ಹೇಗೆಂಬ ವಿಚಾರಣೆ ಶುರುವಾಯಿತು. ಮೇಡಂ ನನ್ನನ್ನು ಕೇಳಿದ್ದು ಅದೇ ಲಿಫ್ಟಿನಲ್ಲಿ.

“ಉಡುಪಿ, ಯಾರರ ಮುಂದ ಬಾಯಿ ಬಿಟ್ಟೀ ಏನಪಾ?”

“ಇಲ್ಲ ಮೇಡಂ.”

“ಹಂಗಾರ ಸರಿ. ನನ್ನ ಹುಡುಗರ ಪೈಕಿ ಯಾರೂ ಅಲ್ಲಂತ ಮ್ಯಾಲೆ ಹೇಳಿಬಿಡ್ತೀನಿ.”

ಹೇಳಿದರು. ಅವರ ಕೈಕೆಳಗಿನವರು ಯಾರೂ ಅಲ್ಲವೆಂದ ಮೇಲೆ ಅನುಮಾನ ಅವರ ಮೇಲೆಯೇ ತಿರುಗಿತು — ಒತ್ತಡವಿದೆಯೆಂದು ಗದ್ದಲ ಎಬ್ಬಿಸಲು ಅವರೇ ಸುದ್ದಿ ಬಿಟ್ಟರಂತೆ. ಬೇರೊಂದು ನಗರದ ತರಬೇತಿ ಕೇಂದ್ರಕ್ಕೆ ವರ್ಗವಾಯಿತು. ಹೊರಟ ದಿನ ಡಬ್ಬಿಯನ್ನು ನನ್ನ ಕೈಗಿತ್ತು, “ಮುಂದಿನ ನಿರ್ಣಯ ಬಂದ ಮ್ಯಾಲೆ ಎಲ್ಲಾರಿಗೂ ಹಂಚು” ಎಂದರು. ಮುಂದಿನ ನಿರ್ಣಯಕ್ಕೆ ಹೊಸ ಅಂದಾಜು ಸಿದ್ಧವಾಯಿತು. ಬೆಲೆಗಳ ನಕ್ಷೆಯಲ್ಲಿ ತಗ್ಗಿದ ಗೆರೆಯನ್ನು ಎಳೆದದ್ದು ನನ್ನ ಕೈಯೇ. ಬಡ್ಡಿ ಇಳಿಯಿತು. ಕರದಂಟನ್ನು ಹಂಚಿದೆ. ನಾನೂ ಒಂದು ತುಂಡು ತಿಂದೆ.

ಬೆಲೆಗಳು ಮುಂದೆ ಏರಿದವು. ಅದಕ್ಕೆ ಹಲವು ಕಾರಣಗಳಿದ್ದವು. ಅಷ್ಟನ್ನೂ ಒಂದು ಬಡ್ಡಿದರದ ತಲೆಗೆ ಕಟ್ಟಲಾರೆ. ಧಣಿಗಳ ಹೊಟೇಲಿನ ದರಪಟ್ಟಿಯ ಮೇಲೆ ಹೊಸ ಚೀಟಿ ಅಂಟಿಸಲು ಸ್ಟೂಲು ಹತ್ತಿದವರು ಅಪ್ಪ. ಮೇಡಂ ಅವಧಿಗೆ ಮುನ್ನ ನಿವೃತ್ತಿ ಪಡೆದು ಭಾಂಡುಪ್‌ನ ಮನೆಗೆ ಮರಳಿದರು. ನನಗೆ ಬಡ್ತಿ ಸಿಕ್ಕಿತು. ಅಂದೂ ಗಲ್ಲಾಪೆಟ್ಟಿಗೆಯ ಬಳಿ ನಿಂತು ಕಾಲು ಮುಟ್ಟಿದೆ.

ಕಳೆದ ವರ್ಷ ನಮ್ಮ ವಿಭಾಗಕ್ಕೆ ಬಂದ ಹುಡುಗಿಯೊಬ್ಬಳು, ಮೌನದ ದಿನಗಳ ನಿಯಮವನ್ನು ನಿಜವಾಗಿ ಎಲ್ಲರೂ ಪಾಲಿಸುತ್ತಾರೆಯೇ ಎಂದು ನನ್ನನ್ನು ಕೇಳಿದಳು. ಆ ಶನಿವಾರವೇ ಭಾಂಡುಪ್‌ಗೆ ಹೋಗಿ ಮೇಡಂ ಮುಂದೆ ಎಲ್ಲವನ್ನೂ ಹೇಳಿದೆ.

“ನಾ ನಿನ್ನ ಸಲುವಾಗಿ ಮಾತು ಕೊಟ್ಟಿದ್ನಲ್ಲೋ” ಎಂದರು. “ನನಗ ಹೇಳಿದರ ಏನಾತು? ಎಲ್ಲಿ ಹೇಳಬೇಕೋ ಅಲ್ಲಿ ಹೇಳು.”

ಹೊರಡುವಾಗ ಬಾಗಿಲವರೆಗೆ ಬಂದು, “ಹೋಗಿ ಬರ್ರಿ, ರಮೇಶ” ಎಂದರು. ಉಡುಪಿ ಎನ್ನಲಿಲ್ಲ.

ಕಚೇರಿಯಲ್ಲಿ ಹೇಳುವ ಮುನ್ನ ಅಪ್ಪನಿಗೆ ಹೇಳಿದೆ.

“ಅವತ್ತು ನಾನು ಬಾಗಿಲಲ್ಲೇ ಇದ್ದೆನಲ್ಲ” ಎಂದರು ಅಪ್ಪ. “ಆ ಅಮ್ಮನಿಗೆ ಆದದ್ದು ಅದರಿಂದವಾ? ನನ್ನ ಮಗ ಧಣಿಗಳ ಎದುರು ಕೂತು ಮಾತಾಡಿದ ಅಂತ ನಾನು ಇಡೀ ಕಾಲನಿಗೆ ಹೇಳಿಕೊಂಡು ಬಂದೆ, ಮಗಾ.”

ಆಮೇಲೆ ನಮ್ಮ ಮನೆಯಲ್ಲಿ ಆದದ್ದು ಇಷ್ಟು. ವಿಚಾರಣೆ ನಡೆದು ನನ್ನನ್ನು ಕೆಳಗಿನ ಹುದ್ದೆಗೆ ಇಳಿಸಿದರು. ಈಗ ಅಂದಾಜುಗಳಿಗೂ ನನಗೂ ಸಂಬಂಧವಿಲ್ಲ. ವಿಷಯ ತಿಳಿದು ಧಣಿಗಳು ಮನೆ ಖಾಲಿ ಮಾಡಲು ಹೇಳಿದರು. ಅಪ್ಪ ಹೊಟೇಲಿನ ಕೆಲಸ ಬಿಟ್ಟರು. ನಾವು ಡೊಂಬಿವಲಿಯಲ್ಲಿ ಬಾಡಿಗೆಗೆ ಇದ್ದೇವೆ. ತಂಗಿಗೆ ಕೆಲಸದ ಆಸ್ಪತ್ರೆ ದೂರವಾಯಿತು. ಅವಳು ನನ್ನೊಡನೆ ಹೆಚ್ಚು ಮಾತನಾಡುವುದಿಲ್ಲ. ಅಮ್ಮನಿಗೆ ಇಲ್ಲಿ ಪರಿಚಯದವರು ಯಾರೂ ಇಲ್ಲ. ಬೆಳಗಿನ ಕಾಫಿಯನ್ನು ಅಪ್ಪನೇ ಮಾಡುತ್ತಾರೆ. ಅವರು ಲೋಟ ತಂದಾಗ ನಾನು ಎದ್ದು ನಿಲ್ಲುತ್ತೇನೆ. ಮೊದಮೊದಲು “ಕೂತುಕೋ” ಎನ್ನುತ್ತಿದ್ದರು. ಈಗ ನಿಂತವನ ಕೈಗೆ ಲೋಟವನ್ನು ಕೊಟ್ಟು ಒಳಗೆ ಹೋಗುತ್ತಾರೆ.