ಒಂದು ಉಸಿರು ಮೊದಲು

ನಾವೆಲ್ಲ ಅವಳನ್ನು ಪಿಸುಅಕ್ಕ ಎಂದೇ ಕರೆಯುತ್ತಿದ್ದೆವು. ಒಪೆರಾ ಮಂದಿರದಲ್ಲಿ ಅವಳ ಕೆಲಸವೇ ಪಿಸುಗುಡುವುದು. ರಂಗದ ಮುಂದಿನ ಅಂಚಿನಲ್ಲಿ, ಹಲಗೆಯ ಕೆಳಗೆ, ಕೂತರೆ ಮೊಣಕಾಲು ಗೋಡೆಗೆ ತಾಗುವಂಥ ಒಂದು ಗೂಡಿತ್ತು. ತಲೆಯಷ್ಟೇ ಮೇಲೆ ಬರುತ್ತಿತ್ತು. ನೋಡುವವರಿಗೆ ಅದು ಕಾಣದಂತೆ ಒಂದು ಮರದ ಮರೆ. ಅಲ್ಲಿ ಕೂತು, ಹಾಡುವವರು ಸಾಲು ಎತ್ತುವುದಕ್ಕೆ ಒಂದು ಉಸಿರು ಮೊದಲು ಆ ಸಾಲಿನ ಮೊದಲ ಪದ ಹೇಳಿಕೊಡಬೇಕು. ಇಪ್ಪತ್ತೆಂಟು ವರ್ಷ ಅವಳು ಅದನ್ನೇ ಮಾಡಿದ್ದಳು.

ನಾನು ಅಲ್ಲಿಗೆ ಸೇರಿದ್ದು ಉಡುಪು ಇಸ್ತ್ರಿ ಮಾಡಲು, ಹರಿದದ್ದನ್ನು ಹೊಲಿಯಲು. ಓದಿದ್ದು ನಾಲ್ಕನೇ ತರಗತಿ. ಮಾತೇ ಆಡದೆ ಇಡೀ ಕಥೆಯನ್ನು ಹಾಡಿಯೇ ಮುಗಿಸುವ ನಾಟಕವೊಂದಿದೆ ಎಂದು ನನಗೆ ತಿಳಿದದ್ದೇ ಆಗ. ನೆಲಮಾಳಿಗೆಯ ನನ್ನ ಕೋಣೆಯ ಗೋಡೆಯಲ್ಲಿ ಒಂದು ಸ್ಪೀಕರ್ ಇತ್ತು. ಮೇಲೆ ಯಾವ ದೃಶ್ಯ ನಡೆದಿದೆ ಎಂದು ತಿಳಿದು ಮುಂದಿನ ಉಡುಪು ಸಿದ್ಧವಿಡಲಿ ಅಂತ. ಭಾಷೆ ನಮ್ಮದಲ್ಲ. ಮೊದಮೊದಲು ಕಿವಿಯಲ್ಲಿ ಜೇನುಗೂಡು ಕಲಕಿದಂತಾಗುತ್ತಿತ್ತು.

"ಅಲ್ಲ ಅಕ್ಕಾ, ಅವಳನ್ನ ಇರಿದು ಹತ್ತು ನಿಮಿಷ ಆಯ್ತಂತೆ, ಇನ್ನೂ ಹಾಡ್ತಾನೇ ಇದಾಳೆ. ಬೇಗ ಸತ್ರೆ ಆ ಲಂಗ ನೆನೆಹಾಕ್ಬಹುದಿತ್ತು," ಎಂದು ಒಮ್ಮೆ ಅಂದೆ.

"ಸಾಯೋರಿಗೆ ಏನೇ ಅವಸರ?" ಎಂದಳು ಪಿಸುಅಕ್ಕ. "ಕಥೆ ಹಿಂದೆ ಓಡ್ಬೇಡ, ಕಥೆ ನಾನು ಮೊದ್ಲೇ ಹೇಳಿಬಿಡ್ತೀನಿ. ಮಾತು ತಿಳೀಲಿಲ್ಲ ಅಂತ ಕೊರಗ್ಬೇಡ. ಒಬ್ಬರನ್ನ ಹಿಡ್ಕೋ. ಅವರು ಎಲ್ಲೆಲ್ಲಿ ಉಸಿರು ತಗೋತಾರೋ ಅಷ್ಟು ಕೇಳು, ಸಾಕು."

ನಾನು ಹಿಡಿದುಕೊಂಡದ್ದು ಗುಡುಗಪ್ಪನನ್ನು. ದಪ್ಪ ದನಿಯ ಆ ಹಾಡುಗಾರನಿಗೆ ನಾವಿಟ್ಟ ಹೆಸರದು. ಅವನ ಉಸಿರು ಹುಡುಕುತ್ತಾ ಹೋದಾಗ, ಉಸಿರಿನ ಜಾಗದಲ್ಲಿ ಪಿಸುಅಕ್ಕನ ದನಿಯೂ ಸ್ಪೀಕರಿನಲ್ಲಿ ಸಿಗತೊಡಗಿತು. ಆಮೇಲಾಮೇಲೆ ಹಾಡು ತಾನಾಗಿ ಒಳಗೆ ಬಂತು. ಇಸ್ತ್ರಿ ಪೆಟ್ಟಿಗೆಯೂ ಅದರ ಲಯದಲ್ಲೇ ಆಡತೊಡಗಿತು.

ಹೀಗೆ ಎಷ್ಟೋ ವರ್ಷ ಕಳೆದ ಮೇಲೆ ಅಕ್ಕನಿಗೆ ಮರೆವು ಶುರುವಾಯಿತು. ಎರಡು ಆಟಗಳಲ್ಲಿ ತಪ್ಪು ಪದ ಕೊಟ್ಟಳು. ಮ್ಯಾನೇಜರ್ ಕರೆಸಿ, ಎಲ್ಲರಿಗೂ ಹಾಡು ಬಾಯಿಪಾಠವಿದೆ, ಗೂಡು ಮುಚ್ಚಿಸಿ ಅಲ್ಲಿ ದೀಪ ಹಾಕಿಸುತ್ತೇನೆ ಎಂದರು. ಒಂಟಿ ಹೆಂಗಸು, ಆ ಗೂಡು ಬಿಟ್ಟರೆ ಅವಳಿಗೆ ಬೇರೆ ಬದುಕಿರಲಿಲ್ಲ.

"ಭಾನುವಾರದ ಆಟಕ್ಕೆ ನಾನು ಕೂರಲ್ಲ," ಎಂದು ಪಂಥ ಕಟ್ಟಿದಳು. "ಯಾರೂ ತಡವರಿಸದಿದ್ರೆ ಮುಚ್ಚಿಸಿ."

ಗುಡುಗಪ್ಪ ತಡವರಿಸುತ್ತಾನೆ ಎಂಬ ಧೈರ್ಯ ಅವಳದು. ಆ ಒಪೆರಾದಲ್ಲಿ ಅವನು ಅಂಬಿಗ. ನೀರಲ್ಲಿ ಹೋದ ಮಗಳನ್ನು ದಡದಲ್ಲಿ ನಿಂತು ಕೂಗುತ್ತಾನೆ. ಉದ್ದನೆಯ ಆ ಕೂಗು ಮುಗಿದ ಮೇಲೆ 'ಮತ್ತೆ' ಎಂಬ ಅರ್ಥದ ಒಂದು ಪದ ಬರಬೇಕು. ಅದು ಅವನಿಗೆ ಒಂದು ದಿನವೂ ನೆನಪಾದದ್ದಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ನನ್ನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಳು. ಕೈಯಲ್ಲಿ ಬಿಸಿನೀರಿನ ಲೋಟ, ಮಡಿಲಲ್ಲಿ ಗೂಡಿನ ಬೀಗದ ಕೈ. ಮೇಲೆ ಆಟ ಶುರುವಾಯಿತು. ಮೊದಲ ಸಾಲಿಗೆ ಒಂದು ಉಸಿರು ಮೊದಲು ಸ್ಪೀಕರಿನಲ್ಲಿ ಆ ಪಿಸುದನಿ ಬಂತು.

ನಾನು ತಿರುಗಿ ನೋಡಿದೆ. ಅವಳ ತುಟಿ ಲೋಟದ ಅಂಚಿಗೆ ಅಂಟಿಕೊಂಡಿತ್ತು. ಎರಡನೇ ಸಾಲಿಗೂ ಬಂತು. ಇಸ್ತ್ರಿಯ ಕೆಳಗೆ ಅಂಗಿಯ ತೋಳು ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ನನಗೆ ಎಚ್ಚರವಾದದ್ದು.

"ಅಕ್ಕಾ, ನಿನ್ನ ದನಿ."

"ಕೇಳಿಸ್ತಿದೆ." ಅವಳು ಲೋಟ ಕೆಳಗಿಡಲಿಲ್ಲ. "ಹಳೇ ದನಿ ಕಣೇ ಅದು. ಹಲ್ಲೆಲ್ಲ ಇದ್ದಾಗಿನದು."

ಮೂರನೇ ಅಂಕದಲ್ಲಿ ಅಂಬಿಗ ಕೂಗಿದ. ಕೂಗು ನಿಂತಿತು. ಪದ ಬಂತು. ಗುಡುಗಪ್ಪ ಅದನ್ನೆತ್ತಿಕೊಂಡು ಹಾಡಿದ.

"ನನ್ನ ಅನ್ನ ನಾನೇ ಕಿತ್ಕೊಂಡೆ, ನೋಡು," ಎಂದಳು ಅಕ್ಕ.

ನಾನು ಸುಮ್ಮನಿರಲಾರದೆ ಮ್ಯಾನೇಜರ್ ಹತ್ತಿರ ಹೋದೆ. "ಸಾರ್, ಗೂಡಿಂದ ಹೇಳಿಕೊಟ್ಟಿದ್ದು ನಾನು ಕೇಳಿದೀನಿ."

"ಯಾರು ಹೇಳಿಕೊಟ್ಟಿದ್ದು?"

"ಅಕ್ಕನೇ."

"ಅವರು ಎಲ್ಲಿದ್ರು?"

"ನನ್ನ ಪಕ್ಕ. ಬಿಸಿನೀರು ಕುಡೀತಿದ್ರು."

"ನೀವೂ ಸ್ವಲ್ಪ ನೀರು ಕುಡಿದು ಮಲಕ್ಕೊಳ್ಳಿ," ಎಂದರು.

ಗೂಡು ಮುಚ್ಚಲು ಬಡಗಿ ಮುಂದಿನ ಸೋಮವಾರ ಬರುತ್ತಾನೆಂದು ಗೊತ್ತಾಯಿತು. ಅದಕ್ಕೆ ಮೊದಲು ಶುಕ್ರವಾರ ಒಂದು ಆಟವಿತ್ತು. ಮಂಗಳವಾರ ಬೆಳಿಗ್ಗೆ ಅಕ್ಕ ತನ್ನ ದಿಂಬು ತರಲು ಹೊರಟಳು. ಜೊತೆಗೆ ನಾನೂ ಹೋದೆ. ಖಾಲಿ ಕುರ್ಚಿಗಳ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ರಂಗದ ಕೆಳಗೆ ಬಗ್ಗಿ ನಡೆದು ಬೀಗ ತೆಗೆದಳು. ಹಿಂದಿನ ವಾರದಿಂದ ಯಾರೂ ಕೂರದ ದಿಂಬು ನಡುವೆ ತಗ್ಗಾಗಿತ್ತು. ಅದರ ಮೇಲೆ ಅಂಗೈಯಿಟ್ಟು, "ಮುಟ್ಟಿ ನೋಡು," ಎಂದಳು.

ಮುಟ್ಟಿದೆ. ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

ಅಕ್ಕ ಕತ್ತಲೊಳಗೆ ತಲೆ ಹಾಕಿ, ಹಟದ ಮಗುವಿಗೆ ಬುದ್ಧಿ ಹೇಳುವಂತೆ ಮೆಲ್ಲಗೆ ಹೇಳಿದಳು: "ಹಾಡೋರಿಗೆ ಹೇಳ್ಬೇಡ ಕಣೇ. ಅದು ನನ್ನ ಕೆಲಸ. ಹೇಳ್ಲೇಬೇಕು ಅನ್ನಿಸಿದ್ರೆ ನನಗೆ ಹೇಳು. ಈಗ ಮರೆಯೋದು ನನಗೇ."

ದಿಂಬನ್ನು ಅಲ್ಲೇ ಬಿಟ್ಟು ಬೀಗ ಹಾಕಿದಳು.

ಶುಕ್ರವಾರದ ಆಟದಲ್ಲಿ ಪಿಸುದನಿ ಇರಲಿಲ್ಲ. ಅಂಬಿಗ ಮಗಳನ್ನು ಕೂಗಿ ಸುಮ್ಮನೆ ನಿಂತ. ವಾದ್ಯದವರು ಅದೇ ತುಣುಕನ್ನು ಮೂರು ಸಲ ನುಡಿಸಿದರು. ಜನ ನಕ್ಕದ್ದು ನೆಲಮಾಳಿಗೆಗೂ ಕೇಳಿಸಿತು. ಮರುದಿನ ಬೆಳಿಗ್ಗೆ ಮ್ಯಾನೇಜರ್ ಅಕ್ಕನ ಮನೆಗೆ ಜನ ಕಳಿಸಿದರು.

"ತಲೆ ಬಾಚ್ಕೊಂಡು ಬರ್ತೀನಿ ಅಂತ ಹೇಳಿ," ಎಂದು ಅವರನ್ನು ಬಾಗಿಲಲ್ಲೇ ಒಂದು ತಾಸು ನಿಲ್ಲಿಸಿದಳಂತೆ.

ಮತ್ತೆ ನಾಲ್ಕು ವರ್ಷ ಅವಳು ಆ ಗೂಡಿನಲ್ಲಿ ಕೂತಳು. ಮನೆಯ ದಾರಿ ಮರೆತಳು, ನಾನು ಯಾರೆಂಬುದನ್ನೂ ಕೆಲವೊಮ್ಮೆ ಮರೆತಳು. ಪದ ಮಾತ್ರ ಒಂದೂ ತಪ್ಪಲಿಲ್ಲ. ಇಂಥ ನೆನಪಿನ ಶಕ್ತಿ ಕಂಡಿಲ್ಲ ಎಂದು ಮ್ಯಾನೇಜರೇ ಹೊಗಳಿದರು. ನನ್ನ ಕಿವಿ ಅಷ್ಟುಹೊತ್ತಿಗೆ ಪಳಗಿತ್ತು. ಗುಡುಗಪ್ಪ ಎತ್ತುವುದಕ್ಕೆ ಒಂದು ಉಸಿರು ಮೊದಲು ಅಕ್ಕನ ಬೊಚ್ಚುಬಾಯಿಯ ಪಿಸುಮಾತು ಕೇಳುತ್ತಿತ್ತು. ಅದಕ್ಕೂ ಒಂದು ಉಸಿರು ಮೊದಲು ಅದೇ ಪದ, ಹಲ್ಲೆಲ್ಲ ಇದ್ದಾಗಿನ ದನಿಯಲ್ಲಿ.